ಲೀಸೆ ಮೈಟ್ನರ್: ಅಂಚೆಯಲ್ಲಿ ನಡೆದ ಸಂಶೋಧನೆ

ವಿಜ್ಞಾನಿ ಎಂದೊಡನೆ ನಮ್ಮ ಕಣ್ಣಿನ ಮುಂದೆ ಬಂದು ನಿಲ್ಲುವವನು ಒಬ್ಬಂಟಿ ಮನುಷ್ಯ. ಸೇಬಿನ ಮರದ ಕೆಳಗೆ ಕುಳಿತ ನ್ಯೂಟನ್, ಸ್ನಾನದ ತೊಟ್ಟಿಯಿಂದೆದ್ದು ಬೀದಿಗೆ ಓಡಿದ ಆರ್ಕಿಮಿಡೀಸ್. ಈ ಚಿತ್ರಗಳು ಪ್ರಾಥಮಿಕ ಶಾಲೆಯಿಂದಲೇ ನಮ್ಮ ಜೊತೆಗಿವೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಪ್ರಪಂಚದ ಗತಿಯನ್ನೇ ಬದಲಾಯಿಸಿದ ಶೋಧವೊಂದು ಒಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ, ಒಂದು ಕೊಠಡಿಯಲ್ಲಿ ನಡೆದದ್ದೂ ಅಲ್ಲ. ಬರ್ಲಿನ್ನಿನಲ್ಲಿ ಇಬ್ಬರು, ಸ್ವೀಡನ್ನಿನಲ್ಲಿ ಒಬ್ಬರು, ಡೆನ್ಮಾರ್ಕಿನಲ್ಲಿ ಮತ್ತಿಬ್ಬರು, ಹೀಗೆ ಚದರಿಹೋದವರ ನಡುವೆ ಓಡಾಡಿದ ಕಾಗದಗಳಲ್ಲಿ ಅದು ರೂಪುಗೊಂಡಿತು. ಆ ಕಾಗದಗಳ ನಡುವಿನ ಕೊಂಡಿಯಾಗಿದ್ದವರು ಲೀಸೆ ಮೈಟ್ನರ್ ಎಂಬ ಮಹಿಳೆ.

ನಾನು ಚರಿತ್ರೆಯ ವಿದ್ಯಾರ್ಥಿ. ಭೌತಶಾಸ್ತ್ರದ ಸಮೀಕರಣಗಳನ್ನು ಕಂಡರೆ ದೂರದಿಂದಲೇ ಕೈಮುಗಿಯುವವನು. ಆದರೂ ಈಕೆಯ ಜೀವನವನ್ನು ಕುರಿತು ಬರೆಯುವ ಧೈರ್ಯ ಮಾಡಿದ್ದೇನೆ. ತಾರೀಖು ಹಾಕಿದ ಪತ್ರಗಳನ್ನು ಮುಂದಿಟ್ಟುಕೊಂಡು ಏನು ನಡೆಯಿತೆಂದು ವಿಚಾರಿಸುವುದು ಚರಿತ್ರೆಯವರ ಕೆಲಸವೇ ತಾನೆ? ವಿಜ್ಞಾನ ಬಲ್ಲ ಮಿತ್ರರು ಎಲ್ಲಿಯಾದರೂ ನನ್ನ ವಿವರಣೆ ತೀರ ಸರಳವಾಯಿತೆಂದು ಕಂಡರೆ ಮನ್ನಿಸಬೇಕು.

ಲೀಸೆ ೧೮೭೮ರ ನವೆಂಬರಿನಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿದಳು. ತಂದೆ ಫಿಲಿಪ್ ಮೈಟ್ನರ್ ವಕೀಲರು, ಯೆಹೂದಿ ಮನೆತನ, ಎಂಟು ಮಕ್ಕಳಲ್ಲಿ ಈಕೆ ಮೂರನೆಯವಳು. ಆ ಕಾಲದ ಆಸ್ಟ್ರಿಯಾದಲ್ಲಿ ಹೆಣ್ಣುಮಕ್ಕಳ ಸರಕಾರಿ ವಿದ್ಯಾಭ್ಯಾಸ ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತಿತ್ತು. ವಿಶ್ವವಿದ್ಯಾಲಯದ ಬಾಗಿಲು ಅವರಿಗೆ ತೆರೆದದ್ದು ೧೮೯೭ರಲ್ಲಿ. ಹುಡುಗರು ಎಂಟು ವರ್ಷ ಓದುವ ಪಾಠಗಳನ್ನು ಲೀಸೆ ಮನೆಯಲ್ಲೇ ಅವಸರದಿಂದ ಓದಿಕೊಂಡು ೧೯೦೧ರಲ್ಲಿ ಪ್ರವೇಶ ಪರೀಕ್ಷೆಗೆ ಕುಳಿತಳು. ಕುಳಿತ ಹದಿನಾಲ್ಕು ಹುಡುಗಿಯರಲ್ಲಿ ತೇರ್ಗಡೆಯಾದವರು ನಾಲ್ವರು. ಮುಂದೆ ಬೋಲ್ಟ್ಸ್‌ಮನ್ ಎಂಬ ಮಹಾ ಅಧ್ಯಾಪಕರ ಉಪನ್ಯಾಸಗಳು ಆಕೆಯ ಮನಸ್ಸನ್ನು ಭೌತಶಾಸ್ತ್ರಕ್ಕೆ ಕಟ್ಟಿಹಾಕಿದವು. ೧೯೦೬ರಲ್ಲಿ ಡಾಕ್ಟರೇಟು ಪಡೆದು, ಮರುವರ್ಷ, ಪ್ಲಾಂಕರ ಪಾಠ ಕೇಳಬೇಕೆಂಬ ಆಸೆಯಿಂದ ಬರ್ಲಿನ್ನಿಗೆ ಹೋದರು. ಒಂದೆರಡು ವರ್ಷ ಇದ್ದು ಬರೋಣವೆಂದು ಹೋದವರು ಅಲ್ಲಿ ಮೂವತ್ತೊಂದು ವರ್ಷ ನಿಂತರು.

ಬರ್ಲಿನ್ನಿನಲ್ಲಿ ಆಕೆಗೆ ದೊರೆತ ಜೊತೆಗಾರ ಆಟೋ ಹಾನ್. ಆತ ರಸಾಯನಶಾಸ್ತ್ರಜ್ಞ, ಈಕೆ ಭೌತಶಾಸ್ತ್ರಜ್ಞೆ. ವಿಕಿರಣಶೀಲ ವಸ್ತುಗಳ ಅಧ್ಯಯನಕ್ಕೆ ಎರಡೂ ವಿದ್ಯೆಗಳು ಬೇಕಾಗಿದ್ದವು. ಇರುವ ವಸ್ತು ಯಾವುದು ಎಂದು ಬೇರ್ಪಡಿಸಿ ಗುರುತಿಸುವುದು ಹಾನ್‌ರ ಪಾಲು. ಅದು ಹೊರಸೂಸುವ ಕಿರಣಗಳನ್ನು ಅಳೆದು, ಹೀಗೇಕೆ ಎಂದು ಹೇಳುವುದು ಮೈಟ್ನರರ ಪಾಲು. ಆದರೆ ಹಾನ್ ಕೆಲಸ ಮಾಡುತ್ತಿದ್ದ ರಸಾಯನ ಸಂಸ್ಥೆಯ ಮುಖ್ಯಸ್ಥರಾದ ಎಮಿಲ್ ಫಿಷರ್ ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ. ಕಡೆಗೆ ಒಂದು ಒಪ್ಪಂದವಾಯಿತು. ನೆಲಮಾಳಿಗೆಯಲ್ಲಿ ಬಡಗಿಯ ಕೆಲಸಕ್ಕೆಂದು ಕಟ್ಟಿದ್ದ ಒಂದು ಕೋಣೆ. ಅದಕ್ಕೆ ಹೊರಗಿನಿಂದಲೇ ಬೇರೆ ಬಾಗಿಲು. ಆಕೆ ಅಲ್ಲಿ ಕೆಲಸ ಮಾಡಬಹುದು, ಮೇಲಿನ ಪ್ರಯೋಗಶಾಲೆಗಳಿಗೆ ಕಾಲಿಡಕೂಡದು. ಶೌಚಕ್ಕೆ ಬೀದಿಯಾಚೆಯ ಹೋಟೆಲಿಗೆ ಹೋಗಬೇಕು. ಜೊತೆಗಾರ ಮೇಲಿನ ಕೊಠಡಿಯಲ್ಲಿ ಏನು ಮಾಡಿದನೆಂಬುದನ್ನು ಆತ ಕೆಳಗಿಳಿದು ಬಂದು ಹೇಳಿದಾಗ ತಿಳಿಯಬೇಕು! ಒಂದೇ ಕಟ್ಟಡದಲ್ಲಿದ್ದೂ ಅವರ ಸಹಕಾರ ಗಡಿಯಾಚೆಯ ಸಹಕಾರದಂತೆ ಆರಂಭವಾಯಿತು. ಪ್ರಷ್ಯದ ವಿಶ್ವವಿದ್ಯಾಲಯಗಳು ೧೯೦೮ರಲ್ಲಿ ಹೆಂಗಸರನ್ನು ಸೇರಿಸಿಕೊಳ್ಳಲಾರಂಭಿಸಿದ ಮೇಲೆ ಈ ಕಟ್ಟು ಸಡಿಲವಾಯಿತು.

ಅವರಿಬ್ಬರ ನಡವಳಿಕೆ ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ದಿನವೆಲ್ಲ ಜೊತೆಯಲ್ಲಿ ದುಡಿದರೂ ಹೊರಗೆ ಕೂಡಿ ಊಟ ಮಾಡುತ್ತಿರಲಿಲ್ಲ. ಸುಮಾರು ಹದಿನೈದು ವರ್ಷ ಒಬ್ಬರನ್ನೊಬ್ಬರು ಬಹುವಚನದಲ್ಲೇ ಕರೆದುಕೊಂಡರು. ಜರ್ಮನ್ ಭಾಷೆಯಲ್ಲಿಯೂ ನಮ್ಮಂತೆಯೇ ನೀನು ನೀವುಗಳ ಭೇದವುಂಟು. ಕೆಲಸ ಚೆನ್ನಾಗಿ ಸಾಗಿದ ದಿನ ಇಬ್ಬರೂ ಸೇರಿ ಹಾಡಿಕೊಳ್ಳುತ್ತಿದ್ದರಂತೆ, ಅಷ್ಟರ ಮಟ್ಟಿಗೆ ಸಲಿಗೆ.

೧೯೧೨ರಲ್ಲಿ ಡಾಲೆಮ್ ಎಂಬಲ್ಲಿ ಕೈಸರ್ ವಿಲ್‌ಹೆಲ್ಮ್ ರಸಾಯನ ಸಂಸ್ಥೆ ತೆರೆದಾಗ ಇಬ್ಬರೂ ಅಲ್ಲಿಗೆ ಹೋದರು. ಹಾನ್‌ರಿಗೆ ಸಂಬಳ, ಮೈಟ್ನರ್ ಮೊದಲಿಗೆ ಸಂಬಳವಿಲ್ಲದ ಅತಿಥಿ. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಹಾನ್ ಸೈನ್ಯಕ್ಕೆ ಹೋದರು. ಮೈಟ್ನರ್ ಕೂಡ ಆಸ್ಟ್ರಿಯಾದ ಸೈನಿಕ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ದಾದಿಯಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸೇವೆ ಮಾಡಿ, ೧೯೧೬ರಲ್ಲಿ ಬರ್ಲಿನ್ನಿಗೆ ಹಿಂದಿರುಗಿದರು. ಆಗ ಅವರ ಮುಂದೆ ಇದ್ದ ಪ್ರಶ್ನೆ ಆಕ್ಟಿನಿಯಂ ಎಂಬ ಧಾತುವಿಗೆ ತಾಯಿಧಾತು ಯಾವುದು ಎಂಬುದು. ಖಾಲಿಯಾಗಿದ್ದ ಪ್ರಯೋಗಶಾಲೆಯಲ್ಲಿ ಆಕೆ ಬಹುಮಟ್ಟಿಗೆ ಒಬ್ಬರೇ ಅದನ್ನು ಹುಡುಕಿದರು. ಏನು ಮಾಡಿದೆ, ಏನು ಕಂಡೆ ಎಂದು ದಂಡಿನಲ್ಲಿದ್ದ ಹಾನ್‌ರಿಗೆ ತಪ್ಪದೆ ಪತ್ರ ಬರೆದರು. ೧೯೧೮ರಲ್ಲಿ ಪ್ರೊಟಾಕ್ಟಿನಿಯಂ ಎಂಬ ಆ ಧಾತುವಿನ ವರದಿ ಪ್ರಕಟವಾಯಿತು. ಲೇಖಕರ ಹೆಸರುಗಳಲ್ಲಿ ಹಾನ್‌ರದು ಮೊದಲು, ಮೈಟ್ನರರದು ಎರಡನೆಯದು. ದೂರದಲ್ಲಿದ್ದಾತ ತಂಡದವನಲ್ಲವೆಂದು ಆಕೆಗೆ ತೋರಲೇ ಇಲ್ಲ. ಈ ಸಂಗತಿಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಮುಂದಿನ ಹದಿನೈದು ವರ್ಷಗಳನ್ನು ನಾನು ಬೇಗ ದಾಟಿಬಿಡುತ್ತೇನೆ. ಅವು ಕೀರ್ತಿಯ ವರ್ಷಗಳು, ಕೀರ್ತಿಯಲ್ಲಿ ಹೇಳುವುದಕ್ಕೆ ಹೆಚ್ಚಿರುವುದಿಲ್ಲ. ಆಕೆಗೆ ಸಂಸ್ಥೆಯಲ್ಲಿ ತಮ್ಮದೇ ಭೌತಶಾಸ್ತ್ರ ವಿಭಾಗ ದೊರೆಯಿತು. ೧೯೨೬ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಪದವಿ ಬಂತು. ಜರ್ಮನಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರಾದ ಮೊದಲ ಮಹಿಳೆ ಆಕೆಯೇ.

೧೯೩೨ರಲ್ಲಿ ಇಂಗ್ಲೆಂಡಿನ ಚ್ಯಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದರು. ೧೯೩೪ರಲ್ಲಿ ರೋಮ್ ನಗರದ ಫರ್ಮಿ, ಎಲ್ಲ ಧಾತುಗಳಿಗೂ ನ್ಯೂಟ್ರಾನಿನ ಏಟು ಕೊಟ್ಟು ನೋಡುತ್ತ, ಯುರೇನಿಯಂ ವರೆಗೆ ಬಂದರು. ಯುರೇನಿಯಂ ೯೨ನೆಯ ಧಾತು. ಅಂದಿಗೆ ಅದೇ ಪಟ್ಟಿಯ ಕೊನೆ. ಏಟು ತಿಂದ ಯುರೇನಿಯಂ ೯೩ನೆಯ ಹೊಸ ಧಾತುವಾಗಿ ಮಾರ್ಪಡುತ್ತಿದೆಯೆಂದು ಫರ್ಮಿ ಊಹಿಸಿದರು. ಮೈಟ್ನರರಿಗೆ ಈ ಸುದ್ದಿ ರೋಮಾಂಚನವನ್ನುಂಟುಮಾಡಿತು. ಆದರೆ ಇದು ಒಬ್ಬ ಭೌತಶಾಸ್ತ್ರಜ್ಞೆಯಿಂದ ಆಗುವ ಕೆಲಸವಲ್ಲ. ಎಷ್ಟೋ ವರ್ಷಗಳಿಂದ ಬೇರೆ ಬೇರೆ ದಾರಿ ಹಿಡಿದಿದ್ದ ಹಾನ್‌ರನ್ನು ಆಕೆಯೇ ಒತ್ತಾಯ ಮಾಡಿ ಮತ್ತೆ ಜೊತೆಗೆ ಕರೆದುಕೊಂಡರು. ಫ್ರಿಟ್ಜ್ ಸ್ಟ್ರಾಸ್‌ಮನ್ ಎಂಬ ತರುಣ ರಸಾಯನಶಾಸ್ತ್ರಜ್ಞರು ಮೂರನೆಯವರಾಗಿ ಸೇರಿದರು. ಯುರೇನಿಯಂಗೆ ಏಟು ಕೊಡುವುದು ಒಂದು ಕೊಠಡಿಯಲ್ಲಿ, ಬಂದ ವಸ್ತುವನ್ನು ರಾಸಾಯನಿಕವಾಗಿ ಬೇರ್ಪಡಿಸುವುದು ಇನ್ನೊಂದರಲ್ಲಿ, ಕಿರಣಗಳನ್ನು ಎಣಿಸುವುದು ಮತ್ತೊಂದರಲ್ಲಿ. ಒಂದು ಕಡೆಯ ಮಾಲಿನ್ಯ ಇನ್ನೊಂದು ಕಡೆಗೆ ತಗಲಬಾರದೆಂದು ಹೀಗೆ. ಮೂರು ಕೊಠಡಿ, ಮೂವರು ಜನ, ಎರಡು ಶಾಸ್ತ್ರ.

ನಾಲ್ಕು ವರ್ಷ ಅವರು ತಪ್ಪು ದಾರಿಯಲ್ಲಿಯೇ ನಡೆದರು. ಯುರೇನಿಯಂಗಿಂತ ಭಾರವಾದ ಧಾತುಗಳೇ ಬರುತ್ತಿವೆಯೆಂದು ನಂಬಿ ಉದ್ದನೆಯ ಪಟ್ಟಿಗಳನ್ನು ಪ್ರಕಟಿಸಿದರು. ಪರಮಾಣುಬೀಜ ಒಡೆದು ಹೋಳಾಗಿರಲೂಬಹುದೆಂದು ಇಡಾ ನೊಡಾಕ್ ಎಂಬ ಜರ್ಮನ್ ಮಹಿಳೆ ೧೯೩೪ರಲ್ಲೇ ಬರೆದಿದ್ದರು, ಯಾರೂ ಕಿವಿಗೊಡಲಿಲ್ಲ. ರಸಾಯನಶಾಸ್ತ್ರಜ್ಞರು ಭೌತಶಾಸ್ತ್ರಜ್ಞರ ಸಿದ್ಧಾಂತವನ್ನು ನಂಬಿದರು, ಭೌತಶಾಸ್ತ್ರಜ್ಞರು ರಸಾಯನದವರ ಪರೀಕ್ಷೆಯನ್ನು ನಂಬಿದರು. ಪರಸ್ಪರ ವಿಶ್ವಾಸ ಒಳ್ಳೆಯ ಗುಣ, ಆದರೆ ಇಲ್ಲಿ ಅದೇ ಇಬ್ಬರ ಕಣ್ಣನ್ನೂ ಕಟ್ಟಿತು. ಈ ತಪ್ಪಿನಲ್ಲಿ ಮೈಟ್ನರರ ಪಾಲು ಸಣ್ಣದೇನಲ್ಲ. ಪ್ಯಾರಿಸ್ಸಿನಲ್ಲಿ ಐರೀನ್ ಜೋಲಿಯೊ ಕ್ಯೂರಿ ಮತ್ತು ಸಾವಿಚ್ ಬೇರೊಂದು ಫಲಿತಾಂಶವನ್ನು ಪ್ರಕಟಿಸಿದಾಗಲೂ ಬರ್ಲಿನ್ನಿನವರು ಅದನ್ನು ಮೊದಲು ಲಘುವಾಗಿಯೇ ಕಂಡರು.

ಇಷ್ಟರಲ್ಲಿ ಜರ್ಮನಿ ಬದಲಾಗಿಹೋಗಿತ್ತು. ೧೯೩೩ರಲ್ಲಿ ಹಿಟ್ಲರನ ಸರಕಾರ ಯೆಹೂದಿ ಅಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಹೀಗೆ ನೆಲೆ ತಪ್ಪಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ ೧೯೩೫-೩೬ರಲ್ಲಿ ರಾಮನ್ ಅವರ ಆಹ್ವಾನದಿಂದ ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ಸುಮಾರು ಆರು ತಿಂಗಳು ಇದ್ದರು. ಮೈಟ್ನರರಿಗೆ ಪಾಠ ಹೇಳುವ ಹಕ್ಕು ಹೋಯಿತು. ಆದರೆ ಆಸ್ಟ್ರಿಯಾದ ಪ್ರಜೆಯಾದ್ದರಿಂದ ಪ್ರಯೋಗಶಾಲೆಯ ಕೆಲಸ ಉಳಿಯಿತು. ೧೯೩೮ರ ಮಾರ್ಚಿಯಲ್ಲಿ ಜರ್ಮನಿ ಆಸ್ಟ್ರಿಯಾವನ್ನೇ ನುಂಗಿತು. ಆಕೆಯ ಪಾಸ್‌ಪೋರ್ಟು ಬರಿಯ ಕಾಗದವಾಯಿತು. ವಿಜ್ಞಾನಿಗಳು ದೇಶ ಬಿಡದಂತೆ ತಡೆಯುವ ಆಜ್ಞೆ ಬರಲಿದೆಯೆಂಬ ಸುದ್ದಿ ಹಬ್ಬಿತು. ಹಾಲೆಂಡಿನ ಡಿರ್ಕ್ ಕೋಸ್ಟರ್ ಎಂಬ ಭೌತಶಾಸ್ತ್ರಜ್ಞರು ತಮ್ಮ ದೇಶದ ಗಡಿ ಅಧಿಕಾರಿಗಳ ಅನುಮತಿ ಪಡೆದುಕೊಂಡು ಸ್ವತಃ ಬರ್ಲಿನ್ನಿಗೆ ಬಂದರು. ಜುಲೈ ೧೩ರಂದು, ಎರಡು ಸಣ್ಣ ಪೆಟ್ಟಿಗೆ, ಹತ್ತು ಮಾರ್ಕು ಹಣ, ಲಂಚ ಕೊಡಬೇಕಾಗಿ ಬಂದರೆ ಇರಲೆಂದು ಹಾನ್ ಕೊಟ್ಟ ಅವರ ತಾಯಿಯ ವಜ್ರದ ಉಂಗುರ, ಇಷ್ಟರೊಡನೆ ಐವತ್ತೊಂಬತ್ತು ವರ್ಷದ ಮೈಟ್ನರ್ ರೈಲಿನಲ್ಲಿ ಗಡಿ ದಾಟಿದರು.

ಹಾಲೆಂಡಿನಿಂದ ಆಕೆ ಕೋಪನ್‌ಹೇಗನ್ ಮಾರ್ಗವಾಗಿ ಸ್ವೀಡನ್ನಿಗೆ ಹೋದರು. ಸ್ಟಾಕ್‌ಹೋಮಿನಲ್ಲಿ ಸೀಗ್‌ಬಾನ್ ಅವರ ಹೊಸ ಸಂಸ್ಥೆಯಲ್ಲಿ ಒಂದು ಸ್ಥಳವೇನೋ ಸಿಕ್ಕಿತು. ಸಲಕರಣೆ ಇಲ್ಲ, ಸಹಾಯಕರಿಲ್ಲ, ಭಾಷೆ ಬಾರದು. ಉಳಿದದ್ದು ಅಂಚೆಯೊಂದೇ. ಬರ್ಲಿನ್ನಿನ ಕಾಗದ ಒಂದೆರಡು ದಿನದಲ್ಲಿ ಸ್ಟಾಕ್‌ಹೋಮಿಗೆ ತಲುಪುತ್ತಿತ್ತು. ಆ ಶರತ್ಕಾಲದಲ್ಲಿ ಹಾನ್ ಮತ್ತು ಮೈಟ್ನರರ ನಡುವೆ ಓಡಾಡಿದ ಪತ್ರಗಳಲ್ಲಿ ಅರ್ಧ ಪರಮಾಣುವಿನ ಮಾತು, ಇನ್ನರ್ಧ ಪಿಂಚಣಿ, ಬಟ್ಟೆಬರೆ, ಮನೆಯ ಸಾಮಾನುಗಳ ಮಾತು. ಈ ಬೆರಕೆಯನ್ನು ಕಂಡಾಗ ನನಗೆ ಮನಸ್ಸು ತುಂಬಿ ಬರುತ್ತದೆ. ತಂಡ ಒಡೆದಿರಲಿಲ್ಲ, ಅದರ ಒಂದು ತುದಿಯನ್ನು ಎತ್ತಿ ಬಾಲ್ಟಿಕ್ ಸಮುದ್ರದಾಚೆಗೆ ಇಟ್ಟಂತಾಗಿತ್ತು, ಅಷ್ಟೆ.

ಬರ್ಲಿನ್ನಿನಲ್ಲಿ ಉಳಿದಿದ್ದ ಇಬ್ಬರೂ ಹೊಸದಾಗಿ ಕಂಡದ್ದೆಂದರೆ, ಏಟು ತಿಂದ ಯುರೇನಿಯಂನಲ್ಲಿ ರೇಡಿಯಂನಂತೆ ವರ್ತಿಸುವ ವಸ್ತುಗಳು. ರೇಡಿಯಂ ೮೮ನೆಯ ಧಾತು. ೯೨ರಿಂದ ಒಂದೇ ಸಲಕ್ಕೆ ಅಷ್ಟು ಕೆಳಗಿಳಿಯುವುದು ಭೌತಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ೧೯೩೮ರ ನವೆಂಬರ್ ೧೩ರಂದು ಹಾನ್ ಕೋಪನ್‌ಹೇಗನ್ನಿಗೆ ಹೋದರು; ಮೈಟ್ನರ್ ಅಲ್ಲಿಗೆ ಬಂದು ಅವರನ್ನು ಕಂಡರು. ದೇಶ ಬಿಟ್ಟ ಯೆಹೂದಿ ಮಹಿಳೆಯನ್ನು ಭೇಟಿಮಾಡಿದ ಸಂಗತಿ ಬರ್ಲಿನ್ನಿನಲ್ಲಿ ತಿಳಿಯುವಂತಿರಲಿಲ್ಲ. ಹಾನ್ ಅದನ್ನು ಗುಟ್ಟಾಗಿಟ್ಟರು. ಆ ಭೇಟಿಯಲ್ಲಿ ಮೈಟ್ನರ್ ಪಟ್ಟುಹಿಡಿದು ಹೇಳಿದ್ದು, ಈ ರೇಡಿಯಂ ನಿಜವಾಗಿಯೂ ರೇಡಿಯಮ್ಮೇ ಎಂದು ಇನ್ನೊಮ್ಮೆ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂದು. ಹಾನ್ ಹಿಂದಿರುಗಿ, ಸ್ಟ್ರಾಸ್‌ಮನ್‌ರೊಡನೆ ಆ ಪರೀಕ್ಷೆಗೆ ತೊಡಗಿದರು.

ಪರೀಕ್ಷೆಯ ಮರ್ಮ ಹೀಗೆ. ಬೇರಿಯಂ ಮತ್ತು ರೇಡಿಯಂ ರಾಸಾಯನಿಕವಾಗಿ ಅಣ್ಣತಮ್ಮಂದಿರಿದ್ದಂತೆ. ಕಣ್ಣಿಗೆ ಕಾಣದಷ್ಟು ಅಲ್ಪವಾದ ರೇಡಿಯಂ ಹಿಡಿಯಬೇಕಾದರೆ ದ್ರಾವಣಕ್ಕೆ ಬೇರಿಯಂ ಬೆರೆಸುತ್ತಾರೆ. ರೇಡಿಯಂ ಅದರ ಬೆನ್ನು ಹತ್ತಿ ಬರುತ್ತದೆ. ಆಮೇಲೆ ಹರಳುಗಟ್ಟಿಸುತ್ತ ಅವೆರಡನ್ನೂ ಬೇರೆ ಮಾಡಬಹುದು. ಡಿಸೆಂಬರ್ ನಡುವಿನಲ್ಲಿ ಎಷ್ಟು ಸಲ ಹರಳುಗಟ್ಟಿಸಿದರೂ ಈ ರೇಡಿಯಂ ಬೇರಿಯಂನಿಂದ ಬೇರೆಯಾಗಲೊಲ್ಲದು. ಹಾಗಾದರೆ ಅದೂ ಬೇರಿಯಮ್ಮೇ! ಬೇರಿಯಂ ೫೬ನೆಯ ಧಾತು. ಯುರೇನಿಯಂನ ಹತ್ತಿರ ಹತ್ತಿರ ಅರ್ಧ.

ಡಿಸೆಂಬರ್ ೧೯ರ ರಾತ್ರಿ ಹಾನ್ ಇದನ್ನು ಮೈಟ್ನರರಿಗೆ ಬರೆದರು. ತಮ್ಮ ಸಂಸ್ಥೆಯಲ್ಲೇ ಇದ್ದ ಭೌತಶಾಸ್ತ್ರಜ್ಞರಿಗೆ ತಿಳಿಸುವ ಮೊದಲೇ ಆಕೆಗೆ ಬರೆದರೆಂಬುದು ಗಮನಿಸತಕ್ಕ ಮಾತು. ಯುರೇನಿಯಂ ಒಡೆದು ಬೇರಿಯಂ ಆಗಲಾರದೆಂದು ಗೊತ್ತಿದ್ದರೂ ಫಲಿತಾಂಶ ಹೀಗಿದೆ, ಏನಾದರೂ ವಿವರಣೆ ಹೊಳೆದರೆ ಹೇಳು, ಪ್ರಕಟಿಸುವಂಥದ್ದು ಸಿಕ್ಕರೆ ಇದು ಹೇಗೋ ಮೂವರ ಕೆಲಸವೇ ಆಗುತ್ತದೆ ಎಂಬುದು ಆ ಕಾಗದದ ಭಾವ. ೨೧ರಂದು ಮೈಟ್ನರ್ ಉತ್ತರ ಬರೆದರು: ಪರಮಾಣು ಇಷ್ಟರವರೆಗೆ ಕೊಟ್ಟಿರುವ ಆಶ್ಚರ್ಯಗಳನ್ನು ನೋಡಿದರೆ ಇದನ್ನೂ ಅಸಾಧ್ಯವೆನ್ನಲು ಬರುವುದಿಲ್ಲವೆಂದು. ಆದರೆ ಹಾನ್ ಮತ್ತು ಸ್ಟ್ರಾಸ್‌ಮನ್ ಇಬ್ಬರ ಹೆಸರಿನ ಲೇಖನ ೨೨ಕ್ಕೇ ಪತ್ರಿಕೆಗೆ ಸೇರಿತು. ೧೯೩೯ರ ಜನವರಿ ೬ರಂದು ಅಚ್ಚಾಯಿತು. ಮೂರನೆಯ ಹೆಸರು ಇರಲಿಲ್ಲ.

ಕ್ರಿಸ್‌ಮಸ್ ರಜೆಗೆ ಮೈಟ್ನರ್ ಪಶ್ಚಿಮ ಸ್ವೀಡನ್ನಿನ ಕುಂಗೆಲ್ವ್ ಎಂಬ ಊರಿಗೆ ಸ್ನೇಹಿತರ ಬಳಿ ಹೋಗಿದ್ದರು. ಆಕೆಯ ಅಕ್ಕನ ಮಗ, ಕೋಪನ್‌ಹೇಗನ್ನಿನಲ್ಲಿ ಬೋರ್ ಅವರ ಸಂಸ್ಥೆಯಲ್ಲಿದ್ದ ಆಟೋ ಫ್ರಿಷ್ ಎಂಬ ತರುಣ ಭೌತಶಾಸ್ತ್ರಜ್ಞ, ಹಬ್ಬಕ್ಕೆ ಚಿಕ್ಕಮ್ಮನ ಬಳಿಗೆ ಬಂದ. ತನ್ನದೇ ಒಂದು ಪ್ರಯೋಗದ ವಿಷಯ ಮಾತಾಡಬೇಕೆಂದು ಬಂದವನ ಕೈಗೆ ಚಿಕ್ಕಮ್ಮ ಹಾನ್‌ರ ಕಾಗದ ಕೊಟ್ಟರು. ಇಬ್ಬರೂ ಹಿಮದಲ್ಲಿ ಹೊರಟರು, ಆತ ಸ್ಕೀ ಕಟ್ಟಿಕೊಂಡು, ಈಕೆ ಬರಿಯ ನಡಿಗೆಯಲ್ಲಿ. ಪರಮಾಣುಬೀಜ ಗಟ್ಟಿ ಕಲ್ಲಿನಂತಲ್ಲ, ನೀರಿನ ಹನಿಯಂತೆ ಎಂದು ಬೋರ್ ಹೇಳುತ್ತಿದ್ದರು. ಹನಿಯಾದರೆ ಉದ್ದವಾಗಿ ಎಳೆದು, ನಡುವೆ ಸಣ್ಣಗಾಗಿ, ಎರಡು ಹನಿಯಾಗಬಹುದಲ್ಲ! ಒಂದು ಮರದ ದಿಮ್ಮಿಯ ಮೇಲೆ ಕುಳಿತು ಚೂರು ಕಾಗದದಲ್ಲಿ ಲೆಕ್ಕ ಹಾಕಿದರು. ಹೋಳುಗಳು ಇಪ್ಪತ್ತು ಕೋಟಿ ಎಲೆಕ್ಟ್ರಾನ್ ವೋಲ್ಟುಗಳಷ್ಟು ಶಕ್ತಿಯಿಂದ ಸಿಡಿಯಬೇಕು. ಆ ಶಕ್ತಿ ಎಲ್ಲಿಂದ ಬರಬೇಕು? ೧೯೦೯ರಲ್ಲಿ ಸಾಲ್ಸ್‌ಬರ್ಗಿನಲ್ಲಿ ತಾವು ಕೇಳಿದ್ದ ಐನ್‌ಸ್ಟೈನರ ಉಪನ್ಯಾಸ ಮೈಟ್ನರರಿಗೆ ನೆನಪಿತ್ತು. ಬೀಜಗಳ ತೂಕ ಲೆಕ್ಕ ಹಾಕುವ ಕ್ರಮ ಬಾಯಿಗೆ ಬರುತ್ತಿತ್ತು. ಒಡೆದಾಗ ಪ್ರೋಟಾನಿನ ಐದನೆಯ ಒಂದು ಭಾಗದಷ್ಟು ತೂಕ ಕಡಿಮೆಯಾಗುತ್ತದೆ. ಅದನ್ನು ಶಕ್ತಿಗೆ ತಿರುಗಿಸಿದರೆ ಬರುವುದು ಅದೇ ಇಪ್ಪತ್ತು ಕೋಟಿ. ಬೇರಿಯಂ ೫೬ ಆದರೆ ಇನ್ನೊಂದು ಹೋಳು ೩೬ನೆಯ ಕ್ರಿಪ್ಟಾನ್. ಕೂಡಿಸಿದರೆ ೯೨.

ಇಲ್ಲಿಂದ ಮುಂದಿನದು ವೇಗದ ಕಥೆ. ಫ್ರಿಷ್ ಕೋಪನ್‌ಹೇಗನ್ನಿಗೆ ಹಿಂದಿರುಗಿ ಬೋರ್ ಅವರಿಗೆ ಹೇಳಿದರು. ಬೋರ್ ಕೆಲವೇ ನಿಮಿಷಗಳಲ್ಲಿ ಗ್ರಹಿಸಿದರು. ಚಿಕ್ಕಮ್ಮ ಸ್ಟಾಕ್‌ಹೋಮಿನಲ್ಲಿ, ಮಗ ಕೋಪನ್‌ಹೇಗನ್ನಿನಲ್ಲಿ, ಟೆಲಿಫೋನಿನಲ್ಲಿ ಮಾತಾಡುತ್ತ ಇಬ್ಬರೂ ಲೇಖನ ಸಿದ್ಧಪಡಿಸಿದರು. ಜೀವಕೋಶ ಒಂದು ಎರಡಾಗುವುದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಫ್ರಿಷ್ ಅಲ್ಲಿದ್ದ ವಿಲಿಯಂ ಆರ್ನಾಲ್ಡ್ ಎಂಬ ಅಮೆರಿಕದ ಜೀವಶಾಸ್ತ್ರಜ್ಞನನ್ನು ಕೇಳಿ, ಆತ ಹೇಳಿದ ಮಾತನ್ನೇ ಎರವಲು ಪಡೆದರು. ನಾವು ಇಂದು ವಿದಳನವೆನ್ನುವ ಶಬ್ದಕ್ಕೆ ಮೂಲ ಅದು. ಈ ಮಧ್ಯೆ ಬೋರ್ ಅಮೆರಿಕಕ್ಕೆ ಹಡಗು ಹತ್ತಿದ್ದರು. ಲೇಖನ ಅಚ್ಚಾಗುವವರೆಗೆ ಬಾಯಿ ಬಿಡುವುದಿಲ್ಲವೆಂದು ಫ್ರಿಷ್‌ಗೆ ಮಾತು ಕೊಟ್ಟಿದ್ದರು. ಹಡಗಿನಲ್ಲಿ ಜೊತೆಗಿದ್ದ ರೋಸೆನ್‌ಫೆಲ್ಡ್ ಅವರೊಡನೆ ದಾರಿಯುದ್ದಕ್ಕೂ ಇದನ್ನೇ ಚರ್ಚಿಸಿದರೂ, ಇದು ಗುಟ್ಟು ಎಂಬ ಒಂದು ಮಾತನ್ನು ಮಾತ್ರ ಹೇಳಲು ಮರೆತರು! ಜನವರಿ ೧೬ರಂದು ನ್ಯೂಯಾರ್ಕಿನಲ್ಲಿ ಇಳಿದ ದಿನವೇ ರೋಸೆನ್‌ಫೆಲ್ಡ್ ಪ್ರಿನ್ಸ್‌ಟನ್ನಿನ ಒಂದು ಕೂಟದಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ತಿಂಗಳು ಮುಗಿಯುವಷ್ಟರಲ್ಲಿ ಅಮೆರಿಕದ ಪ್ರಯೋಗಶಾಲೆಗಳು ಪ್ರಯೋಗ ಮಾಡಿ ನೋಡಿದ್ದವು. ಮೈಟ್ನರ್-ಫ್ರಿಷ್ ಲೇಖನ ಲಂಡನ್ನಿನ ನೇಚರ್ ಪತ್ರಿಕೆಯಲ್ಲಿ ಬಂದದ್ದು ಫೆಬ್ರವರಿ ೧೧ಕ್ಕೆ. ಮೊದಲು ವಿವರಿಸಿದವರು ಅವರಿಬ್ಬರೆಂದು ಎಲ್ಲರಿಗೂ ತಿಳಿಸಲು ಬೋರ್ ಬಹಳ ಶ್ರಮಪಟ್ಟರು. ದೊಡ್ಡ ಮನುಷ್ಯ.

ಹಾನ್‌ರ ವಿಷಯದಲ್ಲಿ ಏನು ಹೇಳೋಣ? ಹಿಟ್ಲರನ ಬರ್ಲಿನ್ನಿನಲ್ಲಿ ಕುಳಿತು ಓಡಿಹೋದ ಯೆಹೂದಿ ಮಹಿಳೆಯ ಹೆಸರನ್ನು ತಮ್ಮ ಹೆಸರಿನ ಪಕ್ಕದಲ್ಲಿ ಅಚ್ಚುಹಾಕಿಸುವುದು ಆಗುವ ಮಾತಾಗಿರಲಿಲ್ಲ. ಅದನ್ನು ನಾನು ದೋಷವೆನ್ನಲಾರೆ. ಅವರು ನಾಜಿ ಪಕ್ಷಕ್ಕೆ ಸೇರಿದವರೂ ಅಲ್ಲ. ಆದರೆ ಶೋಧ ರಸಾಯನಶಾಸ್ತ್ರ ಒಂದರಿಂದಲೇ ಆಯಿತು, ಭೌತಶಾಸ್ತ್ರಕ್ಕೆ ಅದರಲ್ಲಿ ಪಾಲಿಲ್ಲ ಎಂದು ಅವರು ೧೯೩೯ರಲ್ಲಿ ಹೇಳತೊಡಗಿದ್ದು ಯುದ್ಧ ಮುಗಿದ ಮೇಲೂ ನಿಲ್ಲಲಿಲ್ಲ. ಭಯದಿಂದ ಆಡಿದ ಮಾತು ಅಭ್ಯಾಸವಾಯಿತು. ೧೯೪೫ರ ನವೆಂಬರಿನಲ್ಲಿ, ೧೯೪೪ನೆಯ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಹಾನ್ ಒಬ್ಬರಿಗೇ ಘೋಷಿಸಿದರು. ಮೈಟ್ನರರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಐವತ್ತು ವರ್ಷದ ಮೇಲೆ ತೆರೆದ ಕಡತಗಳನ್ನು ಓದಿದ ವಿದ್ವಾಂಸರು, ಎರಡು ಶಾಸ್ತ್ರ ಕೂಡಿದ ಕೆಲಸವನ್ನು ಅಳೆಯುವುದು ಸಮಿತಿಗೆ ಆಗಲಿಲ್ಲವೆಂದು ತೋರಿಸಿದ್ದಾರೆ. ೧೯೪೬ರ ಡಿಸೆಂಬರಿನಲ್ಲಿ ಬಹುಮಾನ ಪಡೆಯಲು ಹಾನ್ ಸ್ಟಾಕ್‌ಹೋಮಿಗೆ ಬಂದಾಗ ಮೈಟ್ನರ್ ಅವರನ್ನು ಸ್ನೇಹದಿಂದಲೇ ಕಂಡರು. ಪತ್ರಕರ್ತರ ಮುಂದೆ ಹಾನ್ ಈಕೆಯ ಹೆಸರನ್ನಾಗಲಿ, ಕೂಡಿ ದುಡಿದ ಮೂವತ್ತು ವರ್ಷಗಳನ್ನಾಗಲಿ ಎತ್ತಲಿಲ್ಲ. ಅದು ಆಕೆಗೆ ನೋವಾಯಿತು, ಗೆಳತಿಯೊಬ್ಬರಿಗೆ ಬರೆದುಕೊಂಡರು.

ಆಕೆಗೆ ಇದಕ್ಕಿಂತ ದೊಡ್ಡ ನೋವು ಬೇರೆಯಿತ್ತು. ೧೯೪೩ರಲ್ಲಿ ಬಾಂಬಿನ ಕೆಲಸಕ್ಕೆ ಕರೆ ಬಂದಾಗ ಆಕೆ ಒಲ್ಲೆನೆಂದಿದ್ದರು. ೧೯೪೫ರ ಜೂನಿನಲ್ಲಿ ಹಾನ್‌ರಿಗೆ ಒಂದು ಉದ್ದನೆಯ ಪತ್ರ ಬರೆದು, ಜರ್ಮನಿಯ ವಿಜ್ಞಾನಿಗಳೆಲ್ಲ ನಾಜಿಗಳಿಗಾಗಿ ದುಡಿದು ಸುಮ್ಮನಿದ್ದುದನ್ನು ಸ್ನೇಹಿತೆಯಾಗಿ ಆಕ್ಷೇಪಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಎಷ್ಟು ಕಾಗದಗಳು ಅವರಿಬ್ಬರ ನಡುವೆ ಓಡಾಡಿದ್ದವೋ! ಈ ಒಂದು ಕಾಗದ ಮಾತ್ರ ಹಾನ್‌ರ ಕೈ ಸೇರಲಿಲ್ಲ.

ಸ್ನೇಹ ಮುರಿಯಲಿಲ್ಲ. ಪತ್ರಗಳೂ ನಿಲ್ಲಲಿಲ್ಲ. ಮೈಂಟ್ಸ್ ನಗರಕ್ಕೆ ಬಂದು ಸಂಸ್ಥೆಯ ಹೊಣೆ ಹೊರಬೇಕೆಂದು ಸ್ಟ್ರಾಸ್‌ಮನ್ ೧೯೪೭ರಲ್ಲಿ ಕರೆದರೂ ಆಕೆ ಜರ್ಮನಿಗೆ ನೆಲೆಸಲು ಹೋಗಲಿಲ್ಲ. ೧೯೬೦ರಲ್ಲಿ ಕೇಂಬ್ರಿಜ್‌ಗೆ ಬಂದರು. ೧೯೬೬ರಲ್ಲಿ ಅಮೆರಿಕದ ಫರ್ಮಿ ಪ್ರಶಸ್ತಿ ಹಾನ್, ಮೈಟ್ನರ್, ಸ್ಟ್ರಾಸ್‌ಮನ್ ಮೂವರಿಗೂ ಒಟ್ಟಿಗೆ ಬಂತು. ೧೯೬೮ರ ಜುಲೈಯಲ್ಲಿ ಹಾನ್ ತೀರಿಕೊಂಡರು. ಅದೇ ಅಕ್ಟೋಬರ್ ೨೭ರಂದು, ತೊಂಬತ್ತು ತುಂಬಲು ಕೆಲವೇ ದಿನವಿರುವಾಗ ಮೈಟ್ನರ್. ತಂಡದ ಬುದ್ಧಿಗೆ ನಾಯಕಿಯಾಗಿದ್ದವರು ಆಕೆಯೇ, ಕೊನೆಯ ಪ್ರಯೋಗದ ದಿನ ಬರ್ಲಿನ್ನಿನಲ್ಲಿ ಇಲ್ಲದಿದ್ದರೂ ಆಕೆ ತಂಡದವರೇ ಎಂದು ಸ್ಟ್ರಾಸ್‌ಮನ್ ಹತ್ತು ವರ್ಷಗಳ ತರುವಾಯ ಸ್ಪಷ್ಟವಾಗಿ ಬರೆದರು. ೧೦೯ನೆಯ ಧಾತುವಿಗೆ ೧೯೯೭ರಲ್ಲಿ ಮೈಟ್ನೇರಿಯಂ ಎಂಬ ಹೆಸರು ನಿಂತಿತು. ಹಾನ್‌ರ ಹೆಸರನ್ನು ಇನ್ನೊಂದು ಧಾತುವಿಗೆ ಇಡಬೇಕೆಂಬ ಸೂಚನೆಯಿತ್ತು, ಅದು ನಿಲ್ಲಲಿಲ್ಲ.

ಮ್ಯೂನಿಕ್ ನಗರದ ಜರ್ಮನ್ ವಸ್ತುಸಂಗ್ರಹಾಲಯದಲ್ಲಿ ಒಂದು ಮೇಜು ಇದೆ. ಯುರೇನಿಯಂ ಒಡೆದ ಪ್ರಯೋಗದ ಸಲಕರಣೆಗಳನ್ನು ಅದರ ಮೇಲೆ ಜೋಡಿಸಿದ್ದಾರೆ. ಬರ್ಲಿನ್ನಿನಲ್ಲಿ ಅವು ಮೂರು ಕೊಠಡಿಗಳಲ್ಲಿದ್ದವು. ಕಿರಣ ಎಣಿಸುವ ಉಪಕರಣಗಳು ಮೈಟ್ನರರ ಭೌತಶಾಸ್ತ್ರ ವಿಭಾಗದ ಕೆಲಸ. ನೋಡುವವರ ಅನುಕೂಲಕ್ಕೆಂದು ಎಲ್ಲವನ್ನೂ ಒಂದೇ ಮೇಜಿನ ಮೇಲೆ ತಂದಿಟ್ಟು, ಆಟೋ ಹಾನ್ ಅವರ ಕೆಲಸದ ಮೇಜು ಎಂದು ಫಲಕ ಹಾಕಿದ್ದರು. ಸುಮಾರು ಮೂವತ್ತು ವರ್ಷಗಳ ಕಾಲ ಶಾಲೆಯ ಮಕ್ಕಳು ಸಾಲುಸಾಲಾಗಿ ಬಂದು ಆ ಫಲಕವನ್ನು ಓದಿಕೊಂಡು ಹೋದರು. ಈಗ ಅದನ್ನು ಬದಲಾಯಿಸಿ, ಮೂವರ ಹೆಸರನ್ನೂ ಬರೆದಿದ್ದಾರೆ.